ಹಿಂದಕ್ಕಿಟ್ಟ ಒಂದು ಹೆಜ್ಜೆ

ಆ ವೀಡಿಯೋ ಇರುವುದು ಹನ್ನೊಂದು ಸೆಕೆಂಡು. ನಮ್ಮ ಅಡ್ಡರಸ್ತೆ ಮೇನ್ ರೋಡಿಗೆ ಸೇರುವ ಕಡೆ, ಎದುರಿನ ಬೇಕರಿಯ ಬಾಗಿಲ ಮೇಲಿರುವ ಕ್ಯಾಮೆರಾ ತೆಗೆದದ್ದು. ಬಣ್ಣವಿಲ್ಲ, ಶಬ್ದವಿಲ್ಲ. ಬೀದಿದೀಪ ಇನ್ನೂ ಆರಿಲ್ಲದ್ದರಿಂದ ಅದರ ಕೆಳಗಿನ ಟಾರು ಸುಣ್ಣ ಬಳಿದಷ್ಟು ಬೆಳ್ಳಗೆ ಕಾಣುತ್ತದೆ. ಮೊದಲ ಮೂರು ಸೆಕೆಂಡು ಏನೂ ನಡೆಯುವುದಿಲ್ಲ. ನಾಲ್ಕನೆಯದರಲ್ಲಿ ಹೆಗಲಿಗೆ ಬ್ಯಾಗು ಹಾಕಿಕೊಂಡ ಒಬ್ಬಳು ಫುಟ್‌ಪಾತಿನಿಂದ ಇಳಿದು, ಬಲಗಡೆ ನೋಡಿ, ರಸ್ತೆ ದಾಟಲು ಹೊರಡುತ್ತಾಳೆ. ನಾಲ್ಕು ಹೆಜ್ಜೆ ನಡೆದು ತಟ್ಟನೆ ನಿಲ್ಲುತ್ತಾಳೆ. ಅವಳ ಮುಂದೆ ಬರೀ ಆ ಬಿಳಿ ಟಾರು. ತಲೆ ಬಗ್ಗಿಸಿ ಅದನ್ನೇ ನೋಡುತ್ತಾಳೆ, ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಾಳೆ. ಅದೇ ಹೊತ್ತಿಗೆ ಬಲಗಡೆಯಿಂದ ಬಂದ ಒಂದು ಸ್ಕೂಟರು, ನೇರ ಬರುತ್ತಿದ್ದದ್ದು, ಎಡಕ್ಕೆ ಬಾಗುತ್ತದೆ. ಯಾರೋ ಅಲ್ಲಿ ಕೂತಿದ್ದಾರೆ, ಅವರನ್ನು ಬಳಸಿಕೊಂಡು ಹೋಗಬೇಕು ಎಂದು ಇಬ್ಬರೂ ಒಟ್ಟಿಗೆ ಅಂದುಕೊಂಡ ಹಾಗೆ. ಒಂಬತ್ತನೆಯ ಸೆಕೆಂಡಿಗೆ ಅವಳೂ ಸ್ಕೂಟರೂ ಚಿತ್ರದ ಅಂಚಿನಿಂದ ಆಚೆ ಹೋಗಿರುತ್ತಾರೆ. ಕೊನೆಯ ಎರಡು ಸೆಕೆಂಡು ಉಳಿಯುವುದು ಬಿಳಿ ಟಾರು ಮತ್ತು ಒಂದು ಚಪ್ಪಲಿ.

ಚಪ್ಪಲಿ ನನ್ನದು.

ನಾನು ಕೆಂಗೇರಿಯ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ವಿಜಯನಗರದ ನಮ್ಮ ಮನೆಯಿಂದ ಹೊಸಹಳ್ಳಿ ಮೆಟ್ರೋ ನಿಲ್ದಾಣಕ್ಕೆ ಎಂಟು ನಿಮಿಷದ ನಡಿಗೆ. ಆ ಮೇನ್ ರೋಡನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ. ಜೀಬ್ರಾ ಪಟ್ಟೆ ಇರುವುದು ಇನ್ನೂ ಮುಂದೆ, ಸಿಗ್ನಲ್ ಹತ್ತಿರ. ಅಲ್ಲಿವರೆಗೆ ಹೋಗಿ ದಾಟಿದವರನ್ನು ನಾನು ನೋಡಿಲ್ಲ. ಡಿವೈಡರ್ ಕಲ್ಲುಗಳ ನಡುವೆ ಒಬ್ಬರು ಹಿಡಿಯುವಷ್ಟು ಸಂದು ನಮ್ಮ ಅಡ್ಡರಸ್ತೆಯ ನೇರಕ್ಕೇ ಇದೆ. ಮೊದಲಿಂದ ಎಲ್ಲರೂ ದಾಟುವುದು ಅಲ್ಲೇ.

ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಪಘಾತಕ್ಕೆ ಒಂದು ತಿಂಗಳ ಮುಂಚೆ ನನಗೆ ಕಾಲೇಜಿನಲ್ಲಿ ಕೆಲಸ ಕಾಯಂ ಆಗಿತ್ತು. ಬೇಡವೆಂದರೂ ಕೇಳದೆ ಅಮ್ಮ ಇಡೀ ಅಡ್ಡರಸ್ತೆಗೆ ಬೇಸನ್ ಉಂಡೆ ಹಂಚಿ ಬಂದರು. ಬಂದ ಮೇಲೆ ಅವರಿಗೇ ಅದು ಸರಿಬರಲಿಲ್ಲ. ಎಲ್ಲರೂ ಎಷ್ಟು ಸಂಬಳ ಅಂತ ಕೇಳಿದರು, ಎಲ್ಲರ ಕಣ್ಣೂ ನಿನ್ನ ಮೇಲೇ ಇದೆ ಎಂದು ಎರಡು ದಿನ ಹೇಳುತ್ತಿದ್ದರು. ಆ ವಾರವೇ ನನಗೆ ಜ್ವರ ಬಂತು. ವೈರಲ್ ಫೀವರ್, ಊರಲ್ಲೆಲ್ಲ ಇತ್ತು. ಅಮ್ಮ ಮಾತ್ರ ಏನೂ ಹೇಳದೆ ನನ್ನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಅಪಘಾತವಾದ ದಿನ ಅಮಾವಾಸ್ಯೆ. ಬೆಳಗ್ಗೆ ಎದ್ದಾಗ ಮನೆಯಲ್ಲಿ ಸುಟ್ಟ ಬಟ್ಟೆಯ ವಾಸನೆ ಇತ್ತು. ಇಸ್ತ್ರಿ ಪೆಟ್ಟಿಗೆ ಆರಿಸಲು ಮರೆತಿರಬೇಕು ಎಂದು ಹೋಗಿ ನೋಡಿದೆ. ಅದು ತಣ್ಣಗಿತ್ತು. ಬೀದಿ ಬಾಗಿಲಿನಿಂದ ಅಡುಗೆಮನೆಯವರೆಗೆ ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಅಮ್ಮ ನನಗೆ ಬೆನ್ನು ಹಾಕಿ ಕಾಫಿ ಸೋಸುತ್ತಿದ್ದರು. ಇವೆಲ್ಲ ನನ್ನ ಕಣ್ಣಿಗೆ ಬಿದ್ದವು, ಆದರೆ ಒಂದಕ್ಕೊಂದು ಸೇರಿಸಿ ನೋಡುವಂಥದ್ದೇನೂ ಇದೆ ಅನ್ನಿಸಲಿಲ್ಲ. ಆರು ನಲವತ್ತಕ್ಕೆ ಮನೆ ಬಿಟ್ಟೆ.

ರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದ ಮೇಲೆ ನಾನು ಕಂಡದ್ದು ಇದು. ಮುತ್ತುಗದ ಎಲೆಯೊಂದರ ಮೇಲೆ ಮೂರು ಅನ್ನದ ಉಂಡೆಗಳು: ಒಂದು ಬಿಳಿ, ಒಂದು ಕೆಂಪು, ಒಂದು ಮಸಿ ಕಲಸಿದ್ದು. ಇಬ್ಭಾಗ ಮಾಡಿ ಕುಂಕುಮ ಹಚ್ಚಿದ ನಿಂಬೆಹಣ್ಣು. ಕೆಲವು ಒಣಮೆಣಸಿನಕಾಯಿ. ಯಾರಿಗೋ ದೃಷ್ಟಿ ನಿವಾಳಿಸಿ, ಮೂರು ದಾರಿ ಕೂಡುವ ಜಾಗದಲ್ಲಿ ಇಟ್ಟು, ಹಿಂದೆ ತಿರುಗಿ ನೋಡದೆ ಹೋಗಿದ್ದರು. ಅದರ ಮೇಲೆ ಇನ್ನೂ ಏನೋ ಇತ್ತು. ಅದು ಏನೆಂದು ಎಷ್ಟೋ ತಿಂಗಳು ನನಗೆ ನೆನಪಾಗಲಿಲ್ಲ.

ನನಗೆ ದೃಷ್ಟಿ, ಗಾಳಿ ಇಂಥವುಗಳಲ್ಲಿ ನಂಬಿಕೆಯಿಲ್ಲ. ಆದರೂ ನಾನು ಅದನ್ನು ದಾಟುವುದಿಲ್ಲ. ನನಗೆ ಗೊತ್ತಿರುವ ಯಾರೂ ದಾಟುವುದಿಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಪಿಎಚ್‌ಡಿ ಆದವರೂ ಕಾಲೇಜಿನ ಗೇಟಿನ ಮುಂದೆ ಒಡೆದ ಬೂದುಗುಂಬಳಕಾಯಿ ಕಂಡರೆ ಸುತ್ತು ಹಾಕಿ ಬರುತ್ತಾರೆ. ನಂಬುತ್ತೀಯಾ ಇಲ್ಲವಾ ಎಂಬ ಪ್ರಶ್ನೆ ತಲೆಗೆ ಬರುವಷ್ಟರಲ್ಲಿ ಕಾಲು ಆಗಲೇ ಪಕ್ಕಕ್ಕೆ ಹೋಗಿರುತ್ತದೆ. ನನ್ನ ಕಾಲು ಹಿಂದಕ್ಕೆ ಹೋಯಿತು. ಸ್ಕೂಟರಿನವರು ನಾನು ಮುಂದಕ್ಕೆ ನಡೆದುಬಿಡುತ್ತೇನೆ, ನನ್ನ ಹಿಂದಿನ ಜಾಗ ಖಾಲಿಯಾಗುತ್ತದೆ ಎಂದುಕೊಂಡಿದ್ದರು. ನಾನು ಹೋದದ್ದು ಸರಿಯಾಗಿ ಅದೇ ಜಾಗಕ್ಕೆ.

ಎಡ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಆಸ್ಪತ್ರೆಯಲ್ಲಿ ಒಳಗೆ ರಾಡ್ ಹಾಕಿದರು. ಅದಕ್ಕೆ ಮುಂಚೆ, ನೋವಿನ ಇಂಜೆಕ್ಷನ್ ಏರುತ್ತಿರುವಾಗ, ಅಮ್ಮ ಬಂದರು. ನೋವಿದೆಯಾ, ಹೇಗಾಯಿತು ಎಂದೇನೂ ಕೇಳಲಿಲ್ಲ. ಬಗ್ಗಿ ನನ್ನ ಕಿವಿಯ ಹತ್ತಿರ ಕೇಳಿದರು.

"ನೀನು ಅದನ್ನ ದಾಟ್ಲಿಲ್ಲ ತಾನೆ?"

ಇಲ್ಲ ಎಂದೆ. ಅಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗೆ ಮಂಪರು ಹತ್ತಿತು.

ಆ ಸಂಜೆ ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಅವರು ಕೇಳಿದ್ದಕ್ಕೆ ಹೂಂ, ಇಲ್ಲ ಎಂದಷ್ಟೇ ಹೇಳಿದೆ, ಸಹಿ ಹಾಕಿದೆ. ಮಧ್ಯಾಹ್ನವೇ ಸ್ಥಳ ಮಹಜರು ಮುಗಿದಿತ್ತು. ಆ ನಕ್ಷೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಕ್ಷೆ ಓದುವುದೇ ನನ್ನ ಕೆಲಸ, ಇದು ಕೆಟ್ಟ ನಕ್ಷೆಯೇನೂ ಅಲ್ಲ. ಟ್ರಾನ್ಸ್‌ಫಾರ್ಮರ್ ಇದೆ, ಚರಂಡಿಯ ಕಲ್ಲು ಇದೆ, ಬೇಕರಿ ಇದೆ, ನಾನು ಬಿದ್ದ ಕಡೆ ಒಂದು ಗುಣಾಕಾರದ ಗುರುತಿದೆ. ಎಲೆ ಇದ್ದ ಜಾಗ ಖಾಲಿ. ಅವರು ಬರುವಷ್ಟರಲ್ಲಿ ಪೌರಕಾರ್ಮಿಕರು ರಸ್ತೆ ಗುಡಿಸಿದ್ದರು. ಅಮ್ಮನಿಗೆ ಪರಿಚಯವಿದ್ದ ಗುಡಿಸುವ ಹೆಂಗಸನ್ನು ನಾನೇ ಒಮ್ಮೆ ಕೇಳಿದೆ. ಅಮಾವಾಸ್ಯೆ ದಿವಸ ಎಲ್ಲಾ ಕಡೆನೂ ಇರುತ್ತೆ ಕಣಮ್ಮ, ಯಾವುದು ಅಂತ ಜ್ಞಾಪಕ ಇಟ್ಕೊಳ್ಳಲಿ ಎಂದಳು.

ಪರಿಹಾರಕ್ಕೆ ಅರ್ಜಿ ಹಾಕಿದೆವು. ರಾಡ್ ತೆಗೆಯಲು ಇನ್ನೊಂದು ಆಪರೇಷನ್ ಬೇಕಿತ್ತು. ಮೂರು ತಿಂಗಳು ನಾನು ಕೆಲಸಕ್ಕೆ ಹೋಗಿರಲಿಲ್ಲ. ಮಾಗಡಿ ರೋಡಿನ ಜೆರಾಕ್ಸ್ ಅಂಗಡಿಯ ಮೇಲೆ ನಮ್ಮ ವಕೀಲರ ಆಫೀಸು. ವಯಸ್ಸಾದವರು, ನಿಧಾನಸ್ಥರು, ಇಂಥವೇ ನೂರಾರು ಕೇಸು ನಡೆಸಿದವರು. ಸ್ಕೂಟರಿನವರ ವಿಮಾ ಕಂಪನಿ ಈ ವೀಡಿಯೋ ಹಾಜರುಪಡಿಸಿದಾಗ ತಮ್ಮ ಮೊಬೈಲಿನಲ್ಲಿ ನನಗೆ ತೋರಿಸಿದವರು ಅವರೇ. ಒಂದು ಸಲ ನೋಡಿ, ಮತ್ತೆ ಹಾಕಿ ಎಂದೆ. ಮೂರನೆಯ ಸಲ ಅವರೇ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟರು.

"ನೋಡಮ್ಮ, ಗಾಡಿಯವನದೇ ಪೂರ್ತಿ ತಪ್ಪು ಅಂದ್ರೆ ಪೂರ್ತಿ ಪರಿಹಾರ ಬರುತ್ತೆ. ನಿಮ್ಮದೂ ಪಾಲಿದೆ ಅಂತ ಅವರು ತೋರಿಸಿದ್ರೆ, ಎಷ್ಟು ಪಾಲೋ ಅಷ್ಟು ಕಟ್. ನಡೆದು ಹೋಗೋರಿಗೂ ಜವಾಬ್ದಾರಿ ಇದೆ ಅಂತಾರೆ. ಈಗ ನೀವು ಹಿಂದಕ್ಕೆ ಬಂದಿದೀರಲ್ಲ, ಅದನ್ನೇ ಹಿಡ್ಕೋತಾರೆ. ಯಾಕೆ ಬಂದ್ರಿ?"

ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಅದು ಮಹಜರಿನಲ್ಲಿಲ್ಲ, ನಕ್ಷೆಯಲ್ಲಿಲ್ಲ, ವೀಡಿಯೋದಲ್ಲಿಲ್ಲ. ಕಟಕಟೆಯಲ್ಲಿ ನಿಂತು ಲೆಕ್ಚರರ್ ಒಬ್ಬರು ನಿಂಬೆಹಣ್ಣಿನ ಮಾತಾಡಿದರೆ ತಪ್ಪು ನಿಮ್ಮ ಮೇಲೇ ಬರುತ್ತೆ ಎಂದರು. ಸ್ಕೂಟರು ಜೋರಾಗಿ ಬರುತ್ತಿದ್ದದ್ದನ್ನು ಕಂಡು ಗಾಬರಿಯಾಗಿ ಹಿಂದಕ್ಕೆ ಸರಿದೆ ಎಂದರೆ ಸಾಕು. ಗಾಬರಿಯಲ್ಲಿ ಇಟ್ಟ ಹೆಜ್ಜೆಯನ್ನು ಯಾವ ನ್ಯಾಯಾಧೀಶರೂ ತಪ್ಪು ಅನ್ನುವುದಿಲ್ಲ.

"ಆದ್ರೆ ನಾನು ಸ್ಕೂಟರ್ ನೋಡ್ಲೇ ಇಲ್ಲ ಸಾರ್."

"ನೋಡಿರ್ತೀರಿ. ನೆನಪಿಲ್ಲ ಅಷ್ಟೇ."

ಕಾಲು ಚಾಚಿಕೊಂಡು ಮಲಗಿದ್ದ ಆ ವಾರಗಳಲ್ಲಿ ನನ್ನ ಮಂಚ ಮೊದಲ ಮಹಡಿಯಲ್ಲಿರುವ ನಮ್ಮ ಮನೆಯ ಕಿಟಕಿಯ ಪಕ್ಕ ಇತ್ತು. ಅಲ್ಲಿಂದ ಅಡ್ಡರಸ್ತೆಯ ತುದಿ, ಆ ಕೂಡುಜಾಗ, ಅದರ ಬೀದಿದೀಪ ಕಾಣುತ್ತವೆ. ನನಗೆ ಪೆಟ್ಟಾದ ಮೇಲೆ ಆ ಜಾಗ ಸರಿಯಿಲ್ಲ ಎಂಬ ಮಾತು ನಮ್ಮ ರಸ್ತೆಯಲ್ಲಿ ಹುಟ್ಟಿಕೊಂಡಿತ್ತು. ನೋಡಲು ಬಂದವರು ಹಾಲ್‌ನಲ್ಲಿ ಕೂತು ಅಮ್ಮನ ಹತ್ತಿರ ಅದನ್ನೇ ಪಿಸುಗುಟ್ಟುತ್ತಿದ್ದರು. ಪಕ್ಕದ ಮನೆಯ ಆಂಟಿ ಅದೇ ಜಾಗದಲ್ಲಿ ತಮ್ಮ ಗಾಡಿ ತಾನಾಗಿ ಆಫ್ ಆಯಿತು ಎಂದರು. ಅವರ ಗಾಡಿ ಎಲ್ಲ ಕಡೆಯೂ ಆಫ್ ಆಗುತ್ತದೆ. ಆ ಮಾತಿನಿಂದ ಆದದ್ದೇನೆಂದರೆ, ಸರಿಯಿಲ್ಲದ ಜಾಗವೇ ಇಂಥದ್ದಕ್ಕೆ ಸರಿಯಾದ ಜಾಗ ಎಂದು ಅಕ್ಕಪಕ್ಕದ ರಸ್ತೆಗಳವರೂ ತಮ್ಮ ನಿವಾಳಿಯನ್ನು ಅಲ್ಲಿಗೇ ತರತೊಡಗಿದರು.

ಮುಂದಿನ ಅಮಾವಾಸ್ಯೆ ನಾನು ಬೆಳಕು ಹರಿಯುವ ಮುಂಚೆ ಎಚ್ಚರವಾಗಿದ್ದೆ. ಒಬ್ಬೊಬ್ಬರಾಗಿ ಬಂದರು. ಸೆರಗು ತಲೆ ಮೇಲೆ ಎಳೆದುಕೊಂಡ ಒಬ್ಬಾಕೆ. ಬರ್ಮುಡಾ ಹಾಕಿದ ಒಬ್ಬ ಗಂಡಸು, ತೋಳಲ್ಲಿ ಮಗುವಿನ ಹಾಗೆ ಹಿಡಿದ ಕುಂಬಳಕಾಯಿ. ಯಾರೂ ಮಾತಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಟ್ಟರು, ತಿರುಗಿದರು, ಹೋದರು. ಬೆನ್ನುಗಳಷ್ಟೇ ಕಂಡವು.

ಆಮೇಲೆ ವಾಹನಗಳು ಶುರುವಾದವು. ಹಾಲಿನ ಟೆಂಪೋ ಬಂತು, ಆ ಜಾಗದ ಹತ್ತಿರ ಬಾಗಿತು, ನೆಟ್ಟಗಾಗಿ ಹೋಯಿತು. ಪೇಪರಿನವರ ಸೈಕಲ್ ಬಾಗಿತು. ನೀರಿನ ಟ್ಯಾಂಕರ್ ಬಾಗಿತು. ಬಿಎಂಟಿಸಿ ಬಸ್ಸು ಕೂಡ, ಅಷ್ಟುದ್ದದ್ದು, ಸೊಂಟ ತಿರುಗಿಸಿ ಹೋಯಿತು. ಹೊಳೆಯ ನಡುವೆ ಕಾಣದ ಬಂಡೆಯೊಂದಿದ್ದರೆ ನೀರು ಹೇಗೆ ಸುತ್ತಿ ಹರಿಯುತ್ತದೋ ಹಾಗೆ. ಎಂಟು ಗಂಟೆಗೆ ಗುಡಿಸುವವರು ಬಂದು ಉದ್ದ ಕಡ್ಡಿಪೊರಕೆಯಿಂದ, ಹತ್ತಿರ ಹೋಗದೆ, ಎಲ್ಲವನ್ನೂ ಚರಂಡಿಯ ಕಡೆ ತಳ್ಳಿದರು. ಅದು ಹೋದ ಮೇಲೂ ಸ್ವಲ್ಪ ಹೊತ್ತು ಗಾಡಿಗಳು ಬಾಗುತ್ತಲೇ ಇದ್ದವು. ಎಣಿಸಿದೆ: ಏಳು. ಅವಕ್ಕೆ ಏನು ಕಂಡಿತೋ ನನಗೆ ಗೊತ್ತಿಲ್ಲ. ಬಹುಶಃ ಟಾರಿನ ಮೇಲಿನ ಕುಂಕುಮದ ಕಲೆ.

ವೀಡಿಯೋ ನೋಡಿದ ಮೇಲೆ ನನ್ನ ನೆನಪಿನ ಮೇಲೇ ನನಗೆ ಅನುಮಾನ ಶುರುವಾಯಿತು. ಕಿಟಕಿಯಲ್ಲಿ ಕಂಡ ಎಲೆಗಳು ನನ್ನ ಅಪಘಾತದ ಬೆಳಗ್ಗೆಯೊಳಕ್ಕೆ ಸೇರಿಕೊಂಡಿರಬಹುದಲ್ಲವೇ? ಹಿಂದಿನ ತಿಂಗಳ ಜ್ವರದ ಸುಸ್ತು ಇನ್ನೂ ಮೈಯಲ್ಲಿದ್ದಿರಬಹುದು. ಏನೂ ಇಲ್ಲದ್ದಕ್ಕೆ ಹೆದರಿ ಹಿಂದೆ ಸರಿದ ಹೆಂಗಸೊಬ್ಬಳು ವೀಡಿಯೋದಲ್ಲಿ ಕಾಣುತ್ತಿದ್ದಳು. ಅವಳನ್ನು ಎಷ್ಟು ಸಲ ನೋಡಿದರೂ ಅವಳ ಮುಂದೆ ಟಾರು ಖಾಲಿಯೇ ಇರುತ್ತಿತ್ತು. ವಕೀಲರು ಹೇಳಿದ್ದು ಹೇಳಿಬಿಡುವುದು ಸುಲಭ ಅನ್ನಿಸತೊಡಗಿತು. ಗಾಬರಿಯಾಯಿತು. ಎಲ್ಲರಿಗೂ ಅರ್ಥವಾಗುವ ಕಾರಣ.

ನನ್ನ ಪಾಟೀಸವಾಲಿಗೆ ಮೊದಲ ಬಾರಿ ಕರೆದ ದಿನ ನ್ಯಾಯಾಧೀಶರು ರಜೆಯ ಮೇಲಿದ್ದರು. ಅಮ್ಮ ನೀರು ತರಲು ಹೋಗಿದ್ದರು. ಕಾರಿಡಾರಿನ ಬೆಂಚಿನ ಮೇಲೆ ಊರುಗೋಲು ಒರಗಿಸಿಕೊಂಡು ಕೂತಿದ್ದೆ. ನಲವತ್ತರ ಆಸುಪಾಸಿನ ಒಬ್ಬರು ಎದುರು ಬಂದು ನಿಂತರು. ಕೈಯಲ್ಲಿ ಊಟದ ಡಬ್ಬಿಯ ಚೀಲ. ಎಲ್ಲೋ ನೋಡಿದ್ದೇನೆ ಅನ್ನಿಸಲಿಲ್ಲ. ನಾನು ಅವರನ್ನು ನೋಡಿದ್ದು ಸೊಂಟದ ಮಟ್ಟದಲ್ಲಿ ಅರ್ಧ ಸೆಕೆಂಡು ಮಾತ್ರ.

"ಮೇಡಂ, ನಾನೇ. ಸ್ಕೂಟರ್."

ಕೂತುಕೊಳ್ಳಿ ಎಂದೆ. ಕೂರಲಿಲ್ಲ. ಲಗ್ಗೆರೆಯಲ್ಲಿ ಮನೆಯಂತೆ. ಕೆಂಗೇರಿಯ ಆಚೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಅವತ್ತು ನೈಟ್ ಶಿಫ್ಟ್ ಮುಗಿಸಿ ಮನೆಗೆ ಹೋಗುತ್ತಿದ್ದರು. ಲೈಸೆನ್ಸ್ ಅಮಾನತಿನಲ್ಲಿದೆ, ಈಗ ಎರಡು ಬಸ್ಸು ಬದಲಾಯಿಸಿ ಹೋಗುತ್ತಾರೆ. ಅಜಾಗರೂಕತೆಯ ಕ್ರಿಮಿನಲ್ ಕೇಸು ಬೇರೆ ನಡೆಯುತ್ತಿದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು ಎಂದು ಎಲ್ಲರೂ ಹೇಳುತ್ತಿದ್ದಾರೆ. ಇದನ್ನೆಲ್ಲ ಬೇರೆ ಯಾರದೋ ವಿಷಯವೆಂಬಂತೆ ಹೇಳಿದರು. ನನ್ನ ಕಾಲನ್ನು ಒಂದು ಸಲ ನೋಡಿ ಕಣ್ಣು ತಿರುಗಿಸಿಕೊಂಡರು.

"ಅದೆಲ್ಲ ಇರ್ಲಿ ಮೇಡಂ. ಒಂದೇ ಒಂದು ಕೇಳ್ಬೇಕಿತ್ತು. ಅಲ್ಲಿ ಇಟ್ಟಿದ್ರಲ್ಲ, ನೀವೂ ನೋಡಿದ್ರಿ ತಾನೆ?"

ನಾನು ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಸ್ಟೇಷನ್ನಲ್ಲಿ ಹೇಳ್ದೆ, ನಕ್ಕರು. ವೀಡಿಯೋ ಬಂದ್ಮೇಲೆ ಮನೇಲೂ ನಂಬಲ್ಲ. ನನ್ ಹೆಂಡ್ತಿ, ನೀನು ತೂಕಡಿಸ್ಬಿಟ್ಟೆ, ಒಪ್ಕೋ ಅಂತಾಳೆ. ನಾನು ತೂಕಡಿಸಿರ್ಲಿಲ್ಲ ಮೇಡಂ. ಈಗೀಗ ನನಗೇ ಡೌಟು. ಆದ್ರೆ ನಿದ್ದೇಲಿ ಇದ್ದೋನಿಗೆ ಬಟ್ಟೆ ಬಣ್ಣ ಹೆಂಗೆ ಗೊತ್ತಿರುತ್ತೆ ಹೇಳಿ."

ಯಾವ ಬಟ್ಟೆ ಎಂದು ಕೇಳಿದೆ.

"ಅನ್ನದುಂಡೆ ಪಕ್ಕ ಇತ್ತಲ್ಲ. ಅರ್ಧ ಸುಟ್ಟಿದ್ದು. ಹಸಿರು, ಬಿಳಿ ಚುಕ್ಕೆ."

ಅವರು ಹೇಳುತ್ತಿದ್ದಂತೆ ಅದು ಎಲೆಯ ಮೇಲೆ ಬಂದು ಕೂತಿತು. ಹಸಿರು ಹತ್ತಿಬಟ್ಟೆಯ ಒಂದು ಪಟ್ಟಿ, ಬತ್ತಿಯಂತೆ ಹೊಸೆದದ್ದು, ಒಂದು ತುದಿ ಕಪ್ಪಗೆ. ನನಗೆ ನೆನಪಾಗದೆ ಉಳಿದಿದ್ದದ್ದು ಅದೇ. ಅದರ ಜೊತೆ ಇನ್ನೊಂದು ನೆನಪಾಯಿತು, ಅದನ್ನು ಅವರಿಗೆ ಹೇಳಲಾಗುವಂತಿರಲಿಲ್ಲ. ಆ ಬಟ್ಟೆ ನನಗೆ ಗೊತ್ತಿತ್ತು. ಅಷ್ಟರಲ್ಲಿ ಅಮ್ಮ ನೀರಿನ ಬಾಟಲಿ ಹಿಡಿದು ಬರುತ್ತಿರುವುದು ಕಂಡಿತು. ಸ್ಕೂಟರಿನವರು ಡಬ್ಬಿಯ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಬರ್ತೀನಿ ಮೇಡಂ ಎಂದು ಹೊರಟುಹೋದರು.

ಹಳೆ ಬಟ್ಟೆಗಳನ್ನು ಅಮ್ಮ ನೆಲ ಒರೆಸಲು ಬಚ್ಚಲಮನೆಯ ಅಟ್ಟದ ಮೇಲೆ ಒಂದು ಗಂಟಿನಲ್ಲಿ ಇಟ್ಟಿರುತ್ತಾರೆ. ಮರುದಿನ ಅವರು ತರಕಾರಿಗೆ ಹೋದಾಗ ಊರುಗೋಲಿನಿಂದ ಗಂಟನ್ನು ಕೆಳಗೆ ಎಳೆದೆ. ಎಂ.ಎ. ಓದುವಾಗ ನಾನು ಹಾಕುತ್ತಿದ್ದ ಹಸಿರು ಕುರ್ತಾ ಅದರಲ್ಲಿತ್ತು. ಬಿಳಿ ಚುಕ್ಕೆಯದು. ಎದೆಯ ಎಡಭಾಗದಲ್ಲಿ ಒಂದು ಪಟ್ಟಿ ಇರಲಿಲ್ಲ. ಹರಿದದ್ದಲ್ಲ, ಕತ್ತರಿಯಲ್ಲಿ ನೇರವಾಗಿ, ಬಹಳ ಜೋಪಾನವಾಗಿ ಕತ್ತರಿಸಿದ್ದು. ಮೈಮೇಲೆ ಹಾಕಿದ ಬಟ್ಟೆಯೇ ಬೇಕು ಅದಕ್ಕೆ.

ನೆಲದ ಮೇಲೆ ಕೂತೆ. ಸುಟ್ಟ ವಾಸನೆ, ಒದ್ದೆ ಹೆಜ್ಜೆ, ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆ. ಎಲೆಯ ವಿಷಯ ಆಗ ನಾನಿನ್ನೂ ಯಾರಿಗೂ ಹೇಳಿರಲಿಲ್ಲ, ಆದರೂ ಅಮ್ಮ 'ಅದನ್ನ' ಎಂದಿದ್ದರು. ಆ ಬೆಳಗಿನ ಜಾವ ಅರೆನಿದ್ದೆಯಲ್ಲಿ ಮುಖದ ಮೇಲೆ ಗಾಳಿಯಾಡಿತ್ತು, ಒಂದು, ಎರಡು, ಮೂರು ಸಲ, ಯಾರೋ ಮುಟ್ಟದೆ ಸವರಿದ ಹಾಗೆ, ಕನಸೆಂದುಕೊಂಡು ಮಗ್ಗುಲಾಗಿದ್ದೆ. ನಾನು ಮಲಗಿರುವಾಗ ನಿವಾಳಿಸಿದ್ದರು. ಎಚ್ಚರವಿದ್ದಾಗ ನಾನು ಒಪ್ಪುವುದಿಲ್ಲ ಎಂದು ಅವರಿಗೆ ಗೊತ್ತು. ಆಮೇಲೆ ಹೋಗಿ, ಇಟ್ಟು, ತಿರುಗಿ ನೋಡದೆ ಬಂದು, ಕಾಲು ತೊಳೆದುಕೊಂಡಿದ್ದರು. ನಾನು ದಿನವೂ ದಾಟುವ ಜಾಗವೇ ಅದು ಎಂಬುದು ಅವರ ಮನಸ್ಸಿಗೆ ಬಂದಿರಲಾರದು. ಮೂರು ದಾರಿ ಕೂಡುವುದು ನಮಗೆ ಹತ್ತಿರದಲ್ಲಿ ಅಲ್ಲೇ.

ನನಗೆ ಹೆದರಿಕೆಯಾದದ್ದು ಅದಕ್ಕಲ್ಲ. ಮನೆಗೆ ಬಂದವರಿಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದರು: ಜೀವಕ್ಕೆ ಏನೂ ಆಗಲಿಲ್ಲ, ಏನೋ ಒಂದು ಕಾಪಾಡಿತು. ಹಾಗೆ ಹೇಳುವಾಗ ಅವರ ದನಿಯಲ್ಲಿ ಒಂದು ಗುಟ್ಟಾದ ಸಮಾಧಾನವಿರುತ್ತಿತ್ತು. ಆ ಏನೋ ಯಾವುದೆಂದು ಈಗ ನನಗೆ ತಿಳಿಯಿತು. ಆ ಬೆಳಗ್ಗೆ ತಾವು ಅದನ್ನು ಮಾಡಿರದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ಅವರು ನಂಬಿದ್ದರು. ನಾನು ಹಿಂದೆ ಸರಿದದ್ದು ಅದರಿಂದಲೇ ಎಂದು ಕಟಕಟೆಯಲ್ಲಿ ಹೇಳಿದರೆ ಅವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ. ಹೇಳದಿದ್ದರೆ ಒಬ್ಬ ಮನುಷ್ಯ ತಾನು ನಿದ್ದೆ ಮಾಡಿದ್ದೆನೇನೋ ಎಂದುಕೊಂಡೇ ಬಾಳು ಕಳೆಯುತ್ತಾನೆ.

ಮುಂದಿನ ತಾರೀಖಿಗೆ ಅಮ್ಮನನ್ನು ಮನೆಯಲ್ಲೇ ಇರಿ ಎಂದೆ. ಊರುಗೋಲು ಹಿಡ್ಕೊಂಡು ಒಬ್ಬಳೇ ಹೋಗ್ತೀಯಾ ಎಂದು ಸೀರೆ ಉಟ್ಟು ನಿಂತಿದ್ದರು.

ವಿಮಾ ಕಂಪನಿಯ ವಕೀಲರು ನನಗಿಂತ ಹೆಚ್ಚು ದೊಡ್ಡವರಲ್ಲ. ಒರಟಾಗಿ ಏನೂ ಕೇಳಲಿಲ್ಲ. ಅಲ್ಲಿ ಪಾದಚಾರಿ ಪಟ್ಟೆ ಇಲ್ಲ ಎಂದರೆ ಸರಿಯೇ? ಸರಿ. ಸಿಗ್ನಲ್ ಹತ್ತಿರ ಇದೆ ಎಂದರೆ? ಸರಿ. ನಾಲ್ಕು ಹೆಜ್ಜೆ ಹೋಗಿ ಹಿಂದಕ್ಕೆ ಬಂದಿರಿ ಎಂದರೆ? ಸರಿ.

"ಯಾಕೆ ಹಿಂದಕ್ಕೆ ಬಂದ್ರಿ, ಮೇಡಂ?"

ನಮ್ಮ ವಕೀಲರು ಫೈಲಿನಿಂದ ತಲೆ ಎತ್ತಿದರು. ಹಿಂದಿನ ಬೆಂಚಿನ ಕಡೆ ನಾನು ನೋಡಲಿಲ್ಲ.

ರಸ್ತೆಯಲ್ಲಿ ಯಾರೋ ದೃಷ್ಟಿ ತೆಗೆದು ಇಟ್ಟಿದ್ದರು, ಅದನ್ನು ದಾಟಬಾರದೆಂದು ಹಿಂದೆ ಸರಿದೆ ಎಂದೆ. ಸ್ಕೂಟರನ್ನು ನಾನು ನೋಡಿರಲಿಲ್ಲ. ಸ್ಕೂಟರಿನವರು ಬಾಗಿದ್ದೂ ಅದನ್ನೇ ತಪ್ಪಿಸಲು. ಬೆರಳಚ್ಚಿನ ಶಬ್ದ ನಿಂತಿತು. ನ್ಯಾಯಾಧೀಶರು, ಐವತ್ತು ದಾಟಿದ ಹೆಂಗಸು, ನನ್ನನ್ನು ನೋಡಿದರು. ನಗು ಬರಬಹುದೆಂದು ಕಾದೆ. ಬರಲಿಲ್ಲ. ಅದರಲ್ಲಿ ಏನೇನಿತ್ತು ಎಂದು ಅವರೇ ಕೇಳಿದರು.

ಮುತ್ತುಗದ ಎಲೆ, ಮೂರು ಅನ್ನದ ಉಂಡೆ, ನಿಂಬೆಹಣ್ಣು, ಒಣಮೆಣಸಿನಕಾಯಿ ಎಂದೆ. ಅಲ್ಲಿಗೆ ನಿಲ್ಲಿಸಿದೆ.

"ಇಟ್ಟೋರು ಯಾರು ಅಂತ ಗೊತ್ತಾ?" ವಿಮಾ ಕಂಪನಿಯ ವಕೀಲರು ಕೇಳಿದರು.

ಗೊತ್ತಿಲ್ಲ ಎಂದೆ. ಪ್ರಮಾಣ ಮಾಡಿ ನಾನು ಆಡಿದ ಸುಳ್ಳು ಅದೊಂದೇ. ಅದನ್ನೂ ಬೆರಳಚ್ಚು ಮಾಡಿದರು. ಕೆಳಗೆ ಸಹಿ ಹಾಕಿದೆ.

ಆಟೋದಲ್ಲಿ ಬರುವಾಗ ಅಮ್ಮ ಹೊರಗೆ ನೋಡುತ್ತ ಕೂತಿದ್ದರು. ನಮ್ಮ ಅಡ್ಡರಸ್ತೆಗೆ ತಿರುಗುವ ಮೊದಲು ಡ್ರೈವರ್ ಆ ಜಾಗದಲ್ಲಿ ಸ್ವಲ್ಪ ಬಾಗಿಸಿದ. ರಸ್ತೆಯ ಮೇಲೆ ಏನೂ ಇರಲಿಲ್ಲ. ಯಾಕೆ ಬಾಗಿಸಿದೆ ಎಂದು ನಾನು ಕೇಳಲಿಲ್ಲ. ಮನೆಗೆ ಬಂದು ಮೆಟ್ಟಿಲು ಹತ್ತಿಸಿದರು, ಊರುಗೋಲು ತೆಗೆದಿಟ್ಟರು. ಅಡುಗೆಮನೆಗೆ ಹೋದವರು ದೀಪ ಹಾಕಲಿಲ್ಲ. ಕತ್ತಲಿನಿಂದಲೇ ಕೇಳಿದರು.

"ಬಟ್ಟೆ ಇತ್ತಲ್ಲ. ಅದನ್ನ ಯಾಕೆ ಹೇಳ್ಲಿಲ್ಲ?"

"ಅವರು ಕೇಳ್ಲಿಲ್ಲಮ್ಮ," ಎಂದೆ.

ಅಮ್ಮ ಅಕ್ಕಿ ತೊಳೆಯುವ ಶಬ್ದ ಕೇಳಿಸಿತು. ಒಂದು ಸಲ ತೊಳೆದರು, ನೀರು ಬಸಿದರು, ಮತ್ತೆ ತೊಳೆದರು. ಆ ವಿಷಯವನ್ನು ನಾವು ಆಮೇಲೆ ಎತ್ತಿಲ್ಲ.

ಆದೇಶ ಬಂದಾಗ ತಪ್ಪನ್ನು ನಾಲ್ಕು ಪಾಲು ಮಾಡಿದ್ದರು. ಮೂರು ಸ್ಕೂಟರಿನವರದು, ಒಂದು ನನ್ನದು. ಪಾದಚಾರಿ ವಾಹನ ಬರುವುದನ್ನು ಗಮನಿಸದೆ ಹಠಾತ್ತನೆ ಹಿಂದೆ ಸರಿದಿದ್ದಾರೆ. ಸವಾರ ರಸ್ತೆಯಲ್ಲಿ ಜನರಿರುವುದು ಕಂಡೂ ವೇಗ ತಗ್ಗಿಸದೆ ಪಕ್ಕಕ್ಕೆ ತಿರುಗಿಸಿದ್ದಾರೆ. ಕಾಲು ಭಾಗ ಕಡಿತ. ಉಳಿದದ್ದು ಆಪರೇಷನ್ನಿಗೆ ಸಾಕಾಯಿತು. ನಮ್ಮ ವಕೀಲರು ಬೇಜಾರಾದರು, ತೋರಿಸಿಕೊಳ್ಳಲಿಲ್ಲ. ಲಗ್ಗೆರೆಯ ಸ್ಕೂಟರಿನವರು ನನ್ನ ಹೇಳಿಕೆಯ ನಕಲು ತೆಗೆಸಿಕೊಂಡು ಹೋದರೆಂದು ವಕೀಲರಿಂದಲೇ ತಿಳಿಯಿತು. ತಮ್ಮ ಕೇಸಿಗೆಂದು ಒಂದು ಪ್ರತಿ, ಮನೆಗೆಂದು ಇನ್ನೊಂದು. ಆದೇಶದ ಪ್ರತಿಯನ್ನು ನಾನು ಎರಡು ಸಲ ಓದಿದೆ. ಲೆಕ್ಕ ಸರಿಯಾಗಿತ್ತು. ಇಟ್ಟವರ ಪಾಲು ಎಂಬ ಸಾಲು ಮಾತ್ರ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

ರಾಡ್ ತೆಗೆಸಿದ ನಂತರದ ಮೊದಲ ಅಮಾವಾಸ್ಯೆ. ಬೆಳಗಿನ ಜಾವ ಎಚ್ಚರವಾಯಿತು, ಕಣ್ಣು ತೆರೆಯಲಿಲ್ಲ. ಎಣ್ಣೆಯ ವಾಸನೆ. ಬಳೆಯೊಂದು ಬಳೆಗೆ ತಾಗದಂತೆ ಹಿಡಿದುಕೊಂಡ ಕೈ. ಮುಖದ ಮೇಲೆ ಗಾಳಿ ಒಂದು ಸಲ ಸುತ್ತಿತು, ಎರಡು ಸಲ, ಮೂರು ಸಲ. ಉಸಿರನ್ನು ನಿದ್ದೆಯ ಉಸಿರಿನ ಹಾಗೆ ಬಿಡುತ್ತ ಮಲಗಿದ್ದೆ. ಹೆಜ್ಜೆಗಳು ಹಾಲ್ ದಾಟಿದವು. ಬೀದಿ ಬಾಗಿಲಿನ ಚಿಲಕ ತೆಗೆದ ಶಬ್ದವಾಯಿತು. ಆಮೇಲೆ ಗೇಟಿನ ಶಬ್ದಕ್ಕೆ ಕಾದೆ. ಬರಲಿಲ್ಲ. ನಲ್ಲಿಯ ಶಬ್ದವೂ ಬರಲಿಲ್ಲ.

ಬೆಳಕಾದ ಮೇಲೆ ಎದ್ದು ಹೋದೆ. ಬಾಗಿಲು ತೆರೆದಿತ್ತು. ಅಮ್ಮ ಒಳಗಡೆ, ಹೊಸಿಲಿನ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಎಲೆ ಹೊಸಿಲ ಮೇಲಿತ್ತು. ಮೂರು ಉಂಡೆ, ನಿಂಬೆಹಣ್ಣು, ಮೆಣಸಿನಕಾಯಿ, ಹಸಿರು ಬಟ್ಟೆಯ ಸುಟ್ಟ ತುದಿ. ಯಾವಾಗಿನಿಂದ ಹಾಗೆ ಕೂತಿದ್ದರೋ. ನನ್ನ ಕಡೆ ತಿರುಗದೆ, ರಸ್ತೆಯ ಕಡೆಯೂ ನೋಡದೆ ಕೇಳಿದರು.

"ಎಲ್ಲಿಟ್ರೆ ಯಾರ ಕಾಲಿಗೂ ಸಿಗಲ್ಲ, ಹೇಳು."

ಬಾಗಿಲಿಗೆ ನಾನು ನಿಂತಲ್ಲಿಂದ ನಾಲ್ಕು ಹೆಜ್ಜೆ. ಆರು ನಲವತ್ತು ಆಗುತ್ತಾ ಬಂದಿತ್ತು. ನಮ್ಮ ಮನೆಗೆ ಇನ್ನೊಂದು ಬಾಗಿಲಿಲ್ಲ. ಅವತ್ತು ನಾನು ಕಾಲೇಜಿಗೆ ಹೋಗಲಿಲ್ಲ.